ಯಾವ ನೀರಿನ ಕಾಣೆ

ಬಟ್ಟಲಿಗೆ ಮೀನು ಬಿದ್ದ ಕೂಡಲೇ “ಇದು ಯಾವ ನೀರಿನದ್ದು?” ಎಂದು ಕೇಳುವ ಚಾಳಿ ನನಗೆ ಅಂಟಿಕೊಂಡು ಎಷ್ಟು ಕಾಲವಾಯಿತೋ ತಿಳಿಯದು. ಉಳಿದವರು ಮೀನಿನ ಹೆಸರು ಕೇಳುತ್ತಾರೆ, ಕೆಲವರು ಬೆಲೆ ಕೇಳುತ್ತಾರೆ. ಸಂಬಂಧ ಕುದುರಿಸಲು ಕೂತವರ ಹಾಗೆ ಅದರ ಊರು ಕೇಳುವವಳು ನಾನೊಬ್ಬಳೇ ಇರಬೇಕು. ಮೊನ್ನೆ ಮನಾಮದ ಹೋಟೆಲೊಂದರಲ್ಲಿ ಬಡಿಸಲು ಬಂದಾತನಿಗೂ ಹಿಂದಿಯಲ್ಲಿ ಕೇಳಿಬಿಟ್ಟೆ, ಇದು ಯಾವ ನೀರಿನದ್ದಪ್ಪಾ ಎಂದು. ಆತ ಒಂದು ಗಳಿಗೆ ಯೋಚಿಸಿ, ಬಹಳ ವಿನಯದಿಂದ, “ಮಿನರಲ್ ವಾಟರ್, ಮೇಡಮ್” ಎಂದ. ಎದುರು ಕೂತಿದ್ದ ನಮ್ಮನೆಯವರು ಅದನ್ನು ಇಡೀ ಬಹ್ರೇನಿಗೆ ಹೇಳಿಕೊಂಡು ತಿರುಗಿದ್ದಾರೆ. ನಿಮಗೆ ಅವರಿಂದ ತಿಳಿಯುವುದಕ್ಕಿಂತ ನಾನೇ ಹೇಳಿಬಿಡುವುದು ಲೇಸು.

ಇದು ನಮ್ಮ ಅಜ್ಜಿಯಿಂದ ಬಂದ ಆಸ್ತಿ. ಉದ್ಯಾವರದ ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ಅವರ ಮನೆ. ಅಲ್ಲಿ ಕಾಣೆ ಮೀನೆಂದರೆ ಮೀನಲ್ಲ, ಮನೆಯ ಮರ್ಯಾದೆ. ಕಾಣೆಯನ್ನು ಕಾಣದವರಿಗೆ ಎರಡು ಮಾತು: ಗೇಣುದ್ದದ ಬೆಳ್ಳನೆಯ ಮೈ, ಚೂಪು ಮೂತಿ, ಸಿಂಬಳವಿಲ್ಲದ ಮಗುವಿನಂತೆ ಶುಚಿಯಾದ ಮುಖ. ಆಳವಿಲ್ಲದ ನೀರು, ಮರಳಿನ ತಳ ಇದ್ದರೆ ಅದಕ್ಕೆ ಸಂತೋಷ. ಹೆದರಿದರೆ ಓಡುವುದಿಲ್ಲ, ಇದ್ದಲ್ಲೇ ಮರಳಿನೊಳಗೆ ಹೂತುಕೊಳ್ಳುತ್ತದೆ. ಕಡಲಲ್ಲೂ ಇರುತ್ತದೆ, ಹೊಳೆಯ ಬಾಯಲ್ಲೂ ಇರುತ್ತದೆ. ಯಾವುದು ರುಚಿ ಎಂಬ ವಿಷಯದಲ್ಲಿ ನಮ್ಮ ಕಡೆ ಅಣ್ಣ ತಮ್ಮ ಮಾತು ಬಿಟ್ಟದ್ದಿದೆ.

ಅಜ್ಜಿ ಹೊಳೆಯ ಪಕ್ಷ. ಊಟಕ್ಕೆ ಕೂತು ಮೊದಲ ಚೂರನ್ನು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಇಡೀ ಪಂಕ್ತಿ ಕೈ ತಡೆದು ಕಾಯುತ್ತಿತ್ತು. ಆಮೇಲೆ ತೀರ್ಪು. “ಇದು ಹೊಳೆಯದ್ದಲ್ಲ. ಮಲ್ಪೆಯ ಕಡಲಿಂದ ಬಂದದ್ದು. ಅದೂ ನಿನ್ನೆಯದ್ದು.” ಹೊಳೆಯ ಮೀನೆಂದು ಎದೆ ಉಬ್ಬಿಸಿ ತಂದಿದ್ದ ಮಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ನಮಗೆಲ್ಲ ಅಜ್ಜಿಯ ನಾಲಿಗೆಯೆಂದರೆ ನ್ಯಾಯಾಲಯ.

ಒಂದು ದಿನ ನಾನು ಬಾವಿಕಟ್ಟೆಯ ಹಿಂದೆ ಅಡಗಿ ಆಡುತ್ತಿದ್ದಾಗ ಗುಟ್ಟು ಹೊರಬಿತ್ತು. ಮೀನು ಮಾರುವ ಗುಲಾಬಿ ಬುಟ್ಟಿ ಇಳಿಸಿ ಅಜ್ಜಿಗೆ ಊರ ಸುದ್ದಿ ಒಪ್ಪಿಸುತ್ತಿದ್ದಳು. ನಿಮ್ಮ ಮಗ ಬೆಳಿಗ್ಗೆ ಮಲ್ಪೆಯ ಗಾಡಿಯಿಂದ ಕಾಣೆ ಕೊಂಡರು, ಐಸ್ ಹಾಕಿ ಇಟ್ಟದ್ದು, ಎಂದು ಎಲ್ಲ ವಿವರ. ಮಧ್ಯಾಹ್ನ ಅಜ್ಜಿ ಊಟಕ್ಕೆ ಕೂತು, ಕಣ್ಣು ಮುಚ್ಚಿ, ಮಲ್ಪೆಯದ್ದೆಂದು ತೀರ್ಪು ಕೊಟ್ಟಾಗ ನನಗೆ ತಡೆಯಲಾಗಲಿಲ್ಲ.

“ಅಜ್ಜಿ, ಅದು ನಿಮ್ಮ ನಾಲಿಗೆ ಹೇಳಿದ್ದಲ್ಲ, ಗುಲಾಬಿ ಹೇಳಿದ್ದು!”

ಅಜ್ಜಿ ಕಣ್ಣು ತೆರೆಯದೆಯೇ, “ಹೌದು ಮಗಾ. ಗುಲಾಬಿ ಹೇಳಿದ್ದು ಸತ್ಯವಾ ಸುಳ್ಳಾ ಅಂತ ನೋಡ್ಲಿಕ್ಕೆ ನಾಲಿಗೆ ಬೇಡ್ವಾ?” ಎಂದರು. ಆ ಮನೆಯಲ್ಲಿ ಅವರನ್ನು ಗೆದ್ದವರಿಲ್ಲ.

ಮದುವೆಯಾಗಿ ಬಹ್ರೇನಿಗೆ ಬಂದೆ. ನಾನು ಹಿದ್‌ನ ಬಂದರಿನ ಹತ್ತಿರ ಒಂದು ಸರಕು ಸಾಗಣೆಯ ಆಫೀಸಿನಲ್ಲಿ, ಅವರು ಇನ್ನೊಂದು ಆಫೀಸಿನಲ್ಲಿ, ಮನೆ ಸನದ್‌ನಲ್ಲಿ. ಮೊದಲ ಸಲ ಮೀನು ಮಾರ್ಕೆಟಿಗೆ ಹೋದಾಗ ದೊಡ್ಡ ದೊಡ್ಡ ಹಾಮೂರು ಮೀನುಗಳು ರಾಜರ ಹಾಗೆ ಬಾಯಿ ತೆರೆದು ಮಲಗಿದ್ದವು. ಅವುಗಳ ಕಾಲಬುಡದಲ್ಲಿ, ಒಂದು ಸಣ್ಣ ತಟ್ಟೆಯಲ್ಲಿ, ನಮ್ಮ ಕಾಣೆ! ಇಲ್ಲಿ ಅದಕ್ಕೆ ಹಾಸೂಮ್ ಎಂದು ಹೆಸರು. ವಿಮಾನ ನಿಲ್ದಾಣದ ಗದ್ದಲದಲ್ಲಿ ಪಕ್ಕದ ಮನೆಯವರು ಕೈಬೀಸಿದ ಹಾಗಾಯಿತು. “ಇದು ಯಾವ ನೀರಿನದ್ದು?” ಎಂದು ಕೇಳಿದೆ. ಮಾರುವವನು ಕೈಯನ್ನು ಅಗಲವಾಗಿ ಬೀಸಿ ಸಮುದ್ರ ಇರುವ ದಿಕ್ಕು ತೋರಿಸಿದ. ದ್ವೀಪವಲ್ಲವೇ, ಅವನು ಎತ್ತ ಬೀಸಿದರೂ ಸರಿಯೇ.

ನಮ್ಮನೆಯವರಿಗೆ, ಎಂದರೆ ವಸಂತರಿಗೆ, ಶುಕ್ರವಾರದ ರಜೆಯಲ್ಲಿ ಗಾಳ ಹಾಕುವ ಹುಚ್ಚು. ಅವರ ಜೋಡಿ ನಮ್ಮ ಎದುರು ಫ್ಲಾಟಿನ ಲಾರೆನ್ಸಣ್ಣ. ಬಾರ್ಕೂರು ಕಡೆಯವರು, ಇಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ, ಸಂಸಾರ ಊರಲ್ಲಿ. ಅವರ ಮನೆಯೊಳಗೆ ಕೊಂಕಣಿ, ನಮ್ಮ ಮನೆಯೊಳಗೆ ತುಳು, ನಡುವಿನ ಮೆಟ್ಟಿಲಿನಲ್ಲಿ ಕನ್ನಡ. ಇಬ್ಬರೂ ಒಟ್ಟಿಗೆ ಹೊರಡುತ್ತಾರೆ, ಅರ್ಧ ದಾರಿಯಲ್ಲಿ ಬೇರೆಯಾಗುತ್ತಾರೆ. ಗಾಳ ಹಾಕುವವರ ಸ್ನೇಹ ಮೀನಿನ ಜಾಗದವರೆಗೆ ಮಾತ್ರ. ಅದರಾಚೆ ಅಣ್ಣನೂ ಇಲ್ಲ ತಮ್ಮನೂ ಇಲ್ಲ.

“ಎಲ್ಲಿ ಸಿಕ್ಕಿತು ಲಾರೆನ್ಸಣ್ಣ?”

“ನೀರಲ್ಲಿ ಅಕ್ಕ.”

ಆದರೆ ನನ್ನಲ್ಲಿ ಅಜ್ಜಿಯ ರಕ್ತವಿತ್ತಲ್ಲ! ಊಟಕ್ಕೆ ಕೂತು, ಕಣ್ಣು ಮುಚ್ಚಿ, “ಇದು ಜಲ್ಲಾಕ್‌ನದ್ದು” ಎನ್ನುತ್ತಿದ್ದೆ. ಗಂಡನ ಕೈಯಿಂದ ತುತ್ತು ಜಾರುತ್ತಿತ್ತು. ನನ್ನ ಗುಲಾಬಿ ಯಾರೆಂದು ನಿಮಗೆ ಮಾತ್ರ ಹೇಳುತ್ತೇನೆ: ಬಾಗಿಲಲ್ಲಿ ಬಿಟ್ಟ ಅವರ ಚಪ್ಪಲಿ. ಜಲ್ಲಾಕ್‌ನ ಮರಳು ಬೆಳ್ಳಗೆ, ಚಿಪ್ಪಿನ ಚೂರು ಬೆರೆತದ್ದು. ಅಸ್ಕರ್‌ಗೆ ಹೋದರೆ ಬೂದು ಬಣ್ಣದ ಕೆಸರು, ಒಣಗಿದ ಮೇಲೆ ಸಿಮೆಂಟು. ಹಿದ್ ಕಡೆ ನಿಂತರೆ ಕಲ್ಲಿನ ಮೇಲೆಯೇ ನಿಲ್ಲಬೇಕು, ಚಪ್ಪಲಿ ಶುದ್ಧ, ಕೂತ ಪ್ಯಾಂಟು ಅಶುದ್ಧ. ಹೀಗೆ ನೋಡಿ ನೋಡಿ ಈ ದ್ವೀಪದ ಕಾಣೆಗಳ ಜಾತಕ ನನಗೆ ಬಾಯಿಪಾಠವಾಯಿತು. ಜಲ್ಲಾಕ್‌ನಲ್ಲಿ ಕಾಣೆ ಧಾರಾಳ, ಆದರೆ ಬೆರಳಿನಷ್ಟು. ಅಸ್ಕರ್‌ನಲ್ಲಿ ಅಪರೂಪ, ಸಿಕ್ಕಿದರೆ ತುಂಬಿದ ಮೈಯದ್ದು. ಹಿದ್‌ನದ್ದಕ್ಕೆ ಮನಸ್ಸು ಬಂದಂತೆ: ಒಂದು ಶುಕ್ರವಾರ ಚೀಲ ತುಂಬ, ಆಮೇಲೆ ಮಾತೇ ಇಲ್ಲ. ಬುದೈಯದಲ್ಲಿ ಬೇರೆಯವರಿಗೆಲ್ಲ ಸಿಗುತ್ತದೆ, ನಮಗೆ ಮಾತ್ರ ಇಲ್ಲ. ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಸುತ್ತು ಹಾಕಿ ಬರಬಹುದಾದ ನೆಲ, ಮೀನಿಗೆ ಮಾತ್ರ ಪ್ರತಿ ಕಡಲ ಕರೆಯೂ ಬೇರೆ ದೇಶ.

ಸಿಕ್ಕಿಬೀಳದವರು ಲಾರೆನ್ಸಣ್ಣ ಒಬ್ಬರೇ. ಅವರು ತರುವ ಕಾಣೆ ಎಲ್ಲರದ್ದಕ್ಕಿಂತ ದೊಡ್ಡದು, ಸಾಲದ್ದಕ್ಕೆ ಯಾವಾಗಲೂ ಇರುತ್ತದೆ. ಆ ಮನುಷ್ಯ ಕಟ್ಟಡದ ಕೆಳಗಿನ ನಲ್ಲಿಯಲ್ಲಿ ಚಪ್ಪಲಿ ತೊಳೆದೇ ಮೇಲೆ ಬರುತ್ತಾರೆ. ಅವರ ಜಾಗ ಯಾವುದೆಂದು ತಿಳಿಯಲು ನಮ್ಮನೆಯವರು ಎಷ್ಟೋ ವರ್ಷ ಒದ್ದಾಡಿದ್ದಾರೆ. ಒಮ್ಮೆ ಕಾರಿನಲ್ಲಿ ಹಿಂಬಾಲಿಸಿದ್ದೂ ಉಂಟು. ಲಾರೆನ್ಸಣ್ಣ ಇವರನ್ನು ಮೂರು ವೃತ್ತ ಸುತ್ತಿಸಿ, ಕೊನೆಗೆ ಸಲ್ಮಾಬಾದ್‌ನ ಗ್ಯಾರೇಜುಗಳ ನಡುವೆ ನಿಲ್ಲಿಸಿ, ಕಿಟಕಿ ಇಳಿಸಿ, “ಎಂತ ವಸಂತಣ್ಣ, ಗಾಡಿ ರಿಪೇರಿಯಾ?” ಎಂದು ಕೇಳಿದರಂತೆ. ಅಲ್ಲಿ ಸುತ್ತಮುತ್ತ ಸಮುದ್ರವೇ ಇಲ್ಲ.

ಇಂಥ ಸುಖದ ದಿನಗಳಲ್ಲಿ ಕೆಳಗಿನ ಮಹಡಿಗೆ ರಕ್ಷಿತಾ ಮತ್ತು ಚೇತನ್ ಬಂದರು. ಅವಳು ಮುಲ್ಕಿಯವಳು, ಶಾಂಭವಿ ಹೊಳೆಯ ದಡದ ಮನೆ, ಇಲ್ಲಿ ನರ್ಸ್. ಅವನು ಬೆಂಗಳೂರಿನವನು, ಬ್ಯಾಂಕಿನ ಕೆಲಸ, ಹುಟ್ಟು ಸಸ್ಯಾಹಾರಿ. ಅವಳು ಮೀನು ಹುರಿಯುವಾಗ ಬಾಲ್ಕನಿಯಲ್ಲಿ ನಿಂತು ಫೋನ್ ನೋಡುವವನು. ಒಂದು ಶುಕ್ರವಾರ ಬೆಳಿಗ್ಗೆ ಅವನು ನಮ್ಮ ಬಾಗಿಲು ತಟ್ಟಿದಾಗ ಮುಖ ನೋಡುವ ಹಾಗಿರಲಿಲ್ಲ.

“ಆಂಟಿ, ರಕ್ಷಿತಾ ಪ್ರೆಗ್ನೆಂಟು. ಗುಡ್ ನ್ಯೂಸೇ. ಆದ್ರೆ ಏನ್ ಕೊಟ್ರೂ ವಾಮಿಟ್ ಮಾಡ್ತಾಳೆ. ವೆಯ್ಟು ಇಳೀತಾನೇ ಇದೆ. ಹೀಗೇ ಆದ್ರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕ್ತೀವಿ ಅಂದ್ರು ಡಾಕ್ಟ್ರು. ಅತ್ತೆ ಬರೋದು ಡೆಲಿವರಿ ಟೈಮಿಗೆ. ನಂಗೇನೂ ಗೊತ್ತಾಗ್ತಿಲ್ಲ ಆಂಟಿ.”

ಕೆಳಗೆ ಹೋದೆ. ದಿನವಿಡೀ ಬೇರೆಯವರಿಗೆ ಸೂಜಿ ಚುಚ್ಚುವ ಹುಡುಗಿ ತನಗೆ ಡ್ರಿಪ್ ಎಂದರೆ ಕಣ್ಣು ತುಂಬಿಕೊಂಡು ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಪಕ್ಕದಲ್ಲಿ ಮುಟ್ಟದ ಮೊಸರನ್ನ.

“ಎಂತ ತಿನ್ಬೇಕು ಅಂತ ಆಗ್ತದೆ ನಿನಗೆ? ನಾಚಿಕೆ ಬೇಡ, ಹೇಳು.”

“ಕಾಣೆ ಅಕ್ಕ. ನಮ್ಮ ಹೊಳೆಯ ಕಾಣೆ. ಅಮ್ಮ ಹುರಿದದ್ದು ಕನಸಲ್ಲಿ ಬರ್ತದೆ.”

ಅಷ್ಟೇ ಸಾಕಾಯಿತು. ನನ್ನೊಳಗಿನ ಅಜ್ಜಿ ಸೆರಗು ಕಟ್ಟಿ ಎದ್ದು ನಿಂತರು. “ಅಷ್ಟೇ ಅಲ್ವಾ? ಈ ದ್ವೀಪದ ಒಂದೊಂದು ನೀರಿನ ಕಾಣೆಯೂ ನನಗೆ ಗೊತ್ತುಂಟು. ನಿನಗೆ ಒಪ್ಪುವಂಥದ್ದು ನಾನು ತರಿಸಿ ಕೊಡ್ತೇನೆ” ಎಂದುಬಿಟ್ಟೆ. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ನಮ್ಮನೆಯವರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ತರಬೇಕಾದವರು ಅವರಲ್ಲವೇ.

ಮೊದಲ ದಿನ ಮಾರ್ಕೆಟಿನ ಕಾಣೆ ಹುರಿದು, ಡಬ್ಬಿಯಲ್ಲಿ ಹಾಕಿ ಒಯ್ದೆ. ರಕ್ಷಿತಾ ಒಂದು ಚೂರು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿದಳು. ಆ ಕಣ್ಣು ಮುಚ್ಚಿದ ರೀತಿ ನೋಡಿಯೇ ನನಗೆ ತಿಳಿದುಹೋಯಿತು. ಇವಳು ಚಪ್ಪಲಿ ನೋಡಿ ಹೇಳುವವಳಲ್ಲ. ಇವಳದ್ದು ನಿಜವಾದ ನಾಲಿಗೆ.

“ಇದು ಹೊಳೆಯದ್ದಲ್ಲ ಅಕ್ಕ” ಎಂದು ಡಬ್ಬಿ ಪಕ್ಕಕ್ಕೆ ಸರಿಸಿದಳು. “ಉಪ್ಪು ಮೈಗೆ ಹಿಡಿದಿದೆ.”

ಮರುದಿನ ಚೇತನ್ ತಾನೇ ಸೂಪರ್ ಮಾರ್ಕೆಟಿಗೆ ಹೋಗಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಮೀನಿನ ಫೋಟೋ ತೆಗೆದು ಒಂದರ ಮೇಲೊಂದು ಕಳಿಸಿದ. “ಇದಾ ಆಂಟಿ?” “ಇದಾ?” “ಇದು ಸ್ವಲ್ಪ ಸೈಲೆಂಟ್ ಆಗಿದೆ, ಇದಾ?” ಕೊನೆಯದು ಸ್ಕ್ವಿಡ್ ಆಗಿತ್ತು.

ಆಗ ನನಗೆ ಅಳಿವೆಯ ಜ್ಞಾನೋದಯವಾಯಿತು. ನಮ್ಮ ಕಡೆಯಲ್ಲಿ ರುಚಿಯ ಕಾಣೆ ಎಲ್ಲಿ ಸಿಗುತ್ತದೆ? ಸಿಹಿನೀರು ಉಪ್ಪುನೀರಿಗೆ ಸೇರುವಲ್ಲಿ. ಹಾಗಿದ್ದರೆ ಇಲ್ಲಿಯೂ ಅಳಿವೆ ಹುಡುಕಿದರಾಯಿತು!

“ಮಾರಾಯ್ತಿ, ಈ ದೇಶದಲ್ಲಿ ಹೊಳೆಯೇ ಇಲ್ಲ. ಅಳಿವೆ ಎಲ್ಲಿಂದ ತರುವುದು?” ಎಂದರು ಗಂಡ.

ಹೊಳೆಯಿಲ್ಲದಿದ್ದರೇನು? ಹಿಂದಿನ ಕಾಲದಲ್ಲಿ ಇಲ್ಲಿ ಸಮುದ್ರದ ತಳದಿಂದಲೇ ಸಿಹಿನೀರಿನ ಬುಗ್ಗೆ ಏಳುತ್ತಿತ್ತೆಂದು, ದೋಣಿಯವರು ಮುಳುಗಿ ಚೀಲಕ್ಕೆ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದರೆಂದು ನಾನು ಕೇಳಿದ್ದೆ. ಎಲ್ಲೋ ಒಂದು ಬುಗ್ಗೆ ಉಳಿದಿರಲಾರದೇ? ಅದು ಉಳಿದಿದ್ದರೆ ಅದೇ ಅಳಿವೆ, ಅಲ್ಲೇ ಕಾಣೆ. ಮುಂದಿನ ರಜೆಯಲ್ಲಿ ಗಂಡನನ್ನು ಬುದೈಯದ ದಡಕ್ಕೆ ಕರೆದುಕೊಂಡು ಹೋದೆ. ಕೈಯಲ್ಲಿ ಕಾಗದದ ಲೋಟ. ಅವರು ಮೊಣಕಾಲವರೆಗೆ ನೀರಿಗೆ ಇಳಿದು ಲೋಟ ತುಂಬಿ ನಾಲಿಗೆಗೆ ತಾಗಿಸುವುದು, ನಾನು ದಡದಲ್ಲಿ ನಿಂತು ವಿಚಾರಿಸುವುದು.

“ಹೇಗುಂಟು?”

“ಉಪ್ಪು.”

“ಸ್ವಲ್ಪ ಆಚೆ ಹೋಗಿ. ಈಗ?”

“ಉಪ್ಪು.”

“ಸರಿಯಾಗಿ ನೋಡಿ, ಗಡಿಬಿಡಿ ಮಾಡ್ಬೇಡಿ. ಮೊದಲಿನಷ್ಟೇ ಉಪ್ಪಾ, ಸ್ವಲ್ಪ ಕಡಿಮೆಯಾ?”

“ನನ್ನ ನಾಲಿಗೆ ಈಗ ಉಪ್ಪಿನಕಾಯಿ ಆಗಿದೆ ಸುಮತಿ. ಬೇಕಾದರೆ ನೀನೇ ಇಳಿ.”

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಇಲ್ಲಿಯವರೇ ಆದ ಹಿರಿಯರೊಬ್ಬರು ಬಹಳ ಹೊತ್ತು ನಮ್ಮನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಎದ್ದು ಬಂದು, ತಮ್ಮ ಡಬ್ಬದಿಂದ ತಣ್ಣನೆಯ ನೀರಿನ ಬಾಟಲಿ ತೆಗೆದು ನಮ್ಮನೆಯವರ ಕೈಗಿತ್ತರು. “ಸದೀಕ್, ಯೇ ಪಾನಿ ನಹೀ ಪೀನಾ. ಯೇ ಲೋ” ಎಂದರು, ಗೆಳೆಯಾ ಈ ನೀರು ಕುಡಿಯಬಾರದು, ಇದು ತಗೋ ಎಂದು. ಆಮೇಲೆ ನನ್ನ ಕಡೆಗೊಂದು ನೋಟ ಹಾಯಿಸಿದರು. ಗಂಡನಿಗೆ ಒಂದು ಬಾಟಲಿ ನೀರು ತೆಗೆದುಕೊಡದ ಹೆಂಗಸನ್ನು ಹೇಗೆ ನೋಡಬೇಕೋ ಹಾಗೆ. ನಮ್ಮನೆಯವರು ಆ ಬಾಟಲಿಯನ್ನು ಒಂದೇ ಗುಟುಕಿಗೆ ಖಾಲಿ ಮಾಡಿ, “ಇದು ಸಿಹಿ” ಎಂದು ವರದಿ ಒಪ್ಪಿಸಿದರು.

ಬುಗ್ಗೆ ಸಿಗಲಿಲ್ಲ. ಆದರೂ ಸೋಲಲಿಲ್ಲ. ತೋಟಗಳ ಹೆಚ್ಚುವರಿ ನೀರು ಪೈಪಿನಲ್ಲಿ ಬಂದು ಕಡಲಿಗೆ ಬೀಳುವ ಒಂದು ಜಾಗ ಕಂಡುಹಿಡಿದೆ. “ಇದೇ ಅಳಿವೆ” ಎಂದು ಘೋಷಿಸಿದೆ. ಅಲ್ಲಿ ಗಾಳ ಹಾಕಿದ್ದಕ್ಕೆ ಒಂದು ಹಳೇ ಚಪ್ಪಲಿ ಬಂತು. “ಇದರ ಮರಳು ನೋಡಿ ಯಾವ ಊರಿನದ್ದು ಹೇಳು” ಎಂದರು ಗಂಡ. ಅವರಿಗೆ ನನ್ನ ಗುಟ್ಟು ಗೊತ್ತಿತ್ತೆಂದು ನನಗೆ ತಿಳಿದದ್ದೇ ಆಗ. ಇಷ್ಟು ವರ್ಷ ಕೈಯಿಂದ ತುತ್ತು ಜಾರಿಸಿ ಆಶ್ಚರ್ಯಪಟ್ಟದ್ದೆಲ್ಲ ನಾಟಕ! ಗಂಡಂದಿರು ಇಷ್ಟು ಒಳ್ಳೆಯವರಾಗಿರುತ್ತಾರೆಂದು ಮೊದಲೇ ತಿಳಿದಿದ್ದರೆ ಬೇರೆ ಏನಾದರೂ ಕೇಳಿಕೊಳ್ಳಬಹುದಿತ್ತು.

ಈ ನಡುವೆ ರಕ್ಷಿತಾ ಇನ್ನೂ ಸೋತಿದ್ದಳು. ಕೆಲಸಕ್ಕೆ ರಜೆ ಹಾಕಿದ್ದಳು. ನೀರು, ಎಳನೀರು, ಎರಡು ಬಿಸ್ಕತ್ತು, ಅಷ್ಟರ ಮೇಲೆ ದಿನ ಹೋಗುತ್ತಿತ್ತು. ಭಾನುವಾರ ಮತ್ತೆ ತೂಕ ನೋಡುವುದು, ಇಳಿದಿದ್ದರೆ ಅಡ್ಮಿಟ್ ಎಂದು ಡಾಕ್ಟರು ಹೇಳಿದ್ದರು. ನಾನು ಒಂದೊಂದು ಸಂಜೆ ಒಂದೊಂದು ಕಾಣೆ ಒಯ್ದು ಎದುರು ಕೂತು ಅವಳ ಮುಖ ನೋಡುತ್ತಿದ್ದೆ. ಅವಳು ಒಂದು ಚೂರು ತಿನ್ನುತ್ತಿದ್ದಳು, ತಲೆ ಆಡಿಸುತ್ತಿದ್ದಳು.

“ಇದು ಚಪ್ಪೆ ಅಕ್ಕ.”

“ಇದಕ್ಕೆ ಎಂತದೋ ಎಣ್ಣೆಯ ವಾಸನೆ.”

“ಇದು ಸ್ವಲ್ಪ ಹತ್ತಿರ ಬಂತು. ಆದ್ರೆ ಅಲ್ಲ.”

ಹತ್ತಿರ ಬಂದದ್ದು ಯಾವುದು? ಅದನ್ನು ತಿಳಿಯಲು ಓಡಿ ಬಂದು ಕೇಳಿದರೆ, ನಮ್ಮನೆಯವರು ಜಲ್ಲಾಕ್‌ನದ್ದನ್ನೂ ಅಸ್ಕರ್‌ನದ್ದನ್ನೂ ಒಂದೇ ಚೀಲದಲ್ಲಿ ಹಾಕಿ ತಂದಿದ್ದರು. ನನಗೆ ತಲೆ ಕೆಟ್ಟಿತು. ಇನ್ನು ಮುಂದೆ ಹೀಗೆ ನಡೆಯುವುದಿಲ್ಲ, ಎಲ್ಲ ಶಿಸ್ತಿನಿಂದ ಆಗಬೇಕು ಎಂದು ಹೊಲಿಗೆ ಡಬ್ಬಿಯಿಂದ ದಾರದ ಉಂಡೆಗಳನ್ನು ತೆಗೆದೆ. ನೀರಿಗೊಂದು ಬಣ್ಣ. ಮೀನು ಸಿಕ್ಕಿದ ಕೂಡಲೇ ಅಲ್ಲೇ ಬಾಲಕ್ಕೆ ದಾರ ಕಟ್ಟಬೇಕು. ಜಲ್ಲಾಕ್‌ಗೆ ಬಿಳಿ, ಅಸ್ಕರ್‌ಗೆ ಹಸಿರು, ಹಿದ್‌ಗೆ ನೀಲಿ. ಯಾವ ಬಣ್ಣದ್ದು ರಕ್ಷಿತಾಳಿಗೆ ಒಪ್ಪುತ್ತದೋ, ಹೆರಿಗೆಯವರೆಗೆ ಎಲ್ಲರೂ ಅದೇ ನೀರಿಗೆ ಗಾಳ ಹಾಕುವುದು.

“ನಿಮ್ಮ ಜಾಗಕ್ಕೆ ಯಾವ ಬಣ್ಣ ಲಾರೆನ್ಸಣ್ಣ?” ಎಂದು ಮೆಲ್ಲಗೆ ಗಾಳ ಇಳಿಸಿದೆ.

“ಕಪ್ಪು ಕೊಡಿ ಅಕ್ಕ.”

“ಕಪ್ಪು ಅಂದರೆ ಯಾವ ಊರು?”

“ಕಪ್ಪು ಅಂದರೆ ಕಪ್ಪು” ಎಂದು ಉಂಡೆಯನ್ನು ಜೇಬಿಗೆ ಹಾಕಿಕೊಂಡರು.

ಆ ಶುಕ್ರವಾರ ನಮ್ಮ ಕಟ್ಟಡದಿಂದ ಒಂದು ಸೈನ್ಯವೇ ಹೊರಟಿತು. ನಮ್ಮನೆಯವರು ಬೆಳಿಗ್ಗೆ ಜಲ್ಲಾಕ್, ಸಂಜೆ ಅಸ್ಕರ್. ಲಾರೆನ್ಸಣ್ಣ ಕಪ್ಪು. ಹಿದ್‌ಗೆ ಯಾರು? ಚೇತನ್ ಮುಂದೆ ಬಂದ. ಜನ್ಮದಲ್ಲಿ ಮೀನು ಮುಟ್ಟದ ಆ ಹುಡುಗ ಗಾಳಕ್ಕೆ ಸಿಗಡಿ ಚುಚ್ಚಲು ಅಡುಗೆಮನೆಯ ಚಿಮಟ ಹಿಡಿದುಕೊಂಡು ಹೋದ. ಬಿಸಿಲೇರಿದ ಮೇಲೆ ನನಗೆ ಫೋನು.

“ಆಂಟಿ! ಸಿಕ್ತು! ಒಂದು ಸಿಕ್ತು! ಈಗ ಇದನ್ನ ಹೇಗೆ ಹಿಡ್ಕೊಳ್ಳೋದು? ಅದು ನನ್ನೇ ನೋಡ್ತಾ ಇದೆ.”

“ಬಾಲಕ್ಕೆ ದಾರ ಕಟ್ಟು.”

“ಕಟ್ತೀನಿ. ಸಾರಿ ಅಂತ ಹೇಳಿ ಕಟ್ತೀನಿ.”

ಅವನು ತಂದ ಕಾಣೆಯ ಬಾಲಕ್ಕೆ ನೀಲಿ ದಾರವನ್ನು ಹುಟ್ಟುಹಬ್ಬದ ಉಡುಗೊರೆಯ ಹಾಗೆ ಚಿಟ್ಟೆ ಗಂಟು ಹಾಕಿ ಕಟ್ಟಿದ್ದ. ಅವನ ಹಣೆಯಲ್ಲಿ ಬಿಸಿಲಿನ ಕೆಂಪು, ಬೆರಳಿಗೆ ಬ್ಯಾಂಡೇಜು. ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಬಿಳಿ, ಹಸಿರು, ನೀಲಿ, ಕಪ್ಪು ಬಾಲಗಳ ಕಾಣೆಗಳು ಶಾಲೆಯ ಕ್ರೀಡಾಕೂಟದ ತಂಡಗಳಂತೆ ಸಾಲಾಗಿ ಮಲಗಿದ್ದನ್ನು ನೋಡಿ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ತೊಳೆದು ಫ್ರಿಜ್ಜಿನಲ್ಲಿಟ್ಟೆ.

ಶನಿವಾರ ಮಧ್ಯಾಹ್ನ. ಮಸಾಲೆ ತಿರುವುವುದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಊರಿಂದ ತಂದ ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಳಿ, ಬೆಳ್ಳುಳ್ಳಿ ಎಲ್ಲ ಸೇರಿ ಕುಂಕುಮದ ಹಾಗೆ ಮಸಾಲೆ ಬಂತು. ಎರಡೂ ಕೈಯಲ್ಲಿ ಪ್ರೀತಿಯಿಂದ ಮೀನಿನ ಹೊಟ್ಟೆಗೆ, ಬೆನ್ನಿಗೆ, ತಲೆಗೆ, ಬಾಲಕ್ಕೆ ಹಚ್ಚಿದೆ. ಕಾವಲಿ ಕಾದಿತು, ತೆಂಗಿನೆಣ್ಣೆ ಬಿಟ್ಟೆ, ಒಂದು ಘಾಣ ಇಳಿಸಿ ಇನ್ನೊಂದು ಹಾಕಿದೆ. ಬಣ್ಣ ಬಣ್ಣವಾಗಿ ಬೇರೆ ಮಾಡಿ ಡಬ್ಬಿಗೆ ಹಾಕಿ ಕೆಳಗೆ ಒಯ್ಯುವ ಯೋಚನೆ ನನ್ನದು. ಲಾರೆನ್ಸಣ್ಣನೂ ಚೇತನನೂ ಫಲಿತಾಂಶಕ್ಕೆ ಕಾಯುತ್ತ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ನಮ್ಮನೆಯವರು ಬಟ್ಟಲು ಜೋಡಿಸುತ್ತಿದ್ದರು.

ಅಷ್ಟರಲ್ಲಿ ಹಿಂದಿನಿಂದ ದನಿ. “ಅಕ್ಕಾ, ಪರಿಮಳ ಮೆಟ್ಟಿಲವರೆಗೆ ಬರ್ತಾ ಉಂಟು.”

ರಕ್ಷಿತಾ ಗೋಡೆ ಹಿಡಿದುಕೊಂಡು ತಾನೇ ಹತ್ತಿ ಬಂದಿದ್ದಳು. ಚೇತನ್ ಕೈ ಹಿಡಿಯಲು ಓಡಿದ. ಅವಳು ಅವನನ್ನು ದಾಟಿ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಳು. ನಾನು ಆತುರಾತುರವಾಗಿ ಹುರಿದ ಮೀನಿನ ದೊಡ್ಡ ಬಟ್ಟಲನ್ನು ಅವಳ ಮುಂದಿಟ್ಟು, ಒಂದು ಕುರ್ಚಿ ಎಳೆದು ಎದುರು ಕೂತು, ಅವಳ ಬಾಯಿಯನ್ನೇ ನೋಡತೊಡಗಿದೆ. ನನ್ನ ಹಿಂದೆ ಮೂವರು ಗಂಡಸರೂ ಬಗ್ಗಿದರು. ರಕ್ಷಿತಾಳ ಕೈ ಅಲ್ಲೇ ನಿಂತಿತು.

“ಅಕ್ಕ, ಒಂದು ಹೇಳ್ಲಾ? ಬೇಜಾರು ಮಾಡ್ಬಾರ್ದು.”

“ಹೇಳು ಮಾರಾಯ್ತಿ.”

“ನೀವು ದಿನಾ ಡಬ್ಬಿ ತಂದು ಎದುರು ಕೂತು ಮುಖ ನೋಡಿದ್ರೆ ನನಗೆ ಪರೀಕ್ಷೆಗೆ ಕೂತ ಹಾಗೆ ಆಗ್ತದೆ. ಬಾಯಿಗೆ ಹಾಕಿದ್ದು ಗಂಟಲಿಂದ ಇಳಿಯುದೇ ಇಲ್ಲ. ಎಲ್ಲರೂ ಆಚೆ ತಿರುಗಿ.”

ತಿರುಗಿದೆವು. ನಾಲ್ಕು ಮಂದಿ ದೊಡ್ಡವರು ಫ್ರಿಜ್ಜಿನ ಕಡೆಗೆ ಮುಖ ಮಾಡಿ ಸಾಲಾಗಿ ನಿಂತೆವು. ಲಾರೆನ್ಸಣ್ಣ ಕೈ ಕಟ್ಟಿ ತಲೆ ತಗ್ಗಿಸಿದ್ದರು, ಚರ್ಚಿನ ಪೂಜೆಗೆ ನಿಂತ ಹಾಗೆ. ಚೇತನ್ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಗ್ಯಾಸಿನವನ ನಂಬರನ್ನು ತುಟಿ ಅಲುಗಿಸಿ ಓದುತ್ತಿದ್ದ. ಹಿಂದಿನಿಂದ ಸದ್ದಿಲ್ಲ. ಆಮೇಲೆ ಬಟ್ಟಲಿನ ಅಂಚಿಗೆ ಮುಳ್ಳು ತಾಗಿದ ಸಣ್ಣ ಸದ್ದು. ಮತ್ತೆ ಮೌನ. ಮತ್ತೊಂದು ಮುಳ್ಳು. ಬಾತ್‌ರೂಮಿಗೆ ಓಡುವ ಹೆಜ್ಜೆಗಾಗಿ ನಾವೆಲ್ಲ ಕಿವಿ ನೆಟ್ಟು ನಿಂತಿದ್ದೆವು. ಓಟವಿಲ್ಲ. ಬೆರಳು ಚೀಪಿದ ಸದ್ದು! ನಮ್ಮನೆಯವರು ಮೊಣಕೈಯಿಂದ ನನ್ನನ್ನು ತಿವಿದರು.

“ನೋಡ್ಬಹುದಾ?” ಎಂದು ಕೇಳಿದೆ.

“ಹ್ಞೂಂ.”

ತಿರುಗಿದರೆ ಬಟ್ಟಲಿನಲ್ಲಿ ಮೀನಿನ ಬದಲು ಅಚ್ಚುಕಟ್ಟಾದ ಮುಳ್ಳಿನ ಗುಡ್ಡೆ. ರಕ್ಷಿತಾಳ ಮೂಗಿನ ತುದಿಗೆ ಮಸಾಲೆ. ಆ ಕ್ಷಣದಲ್ಲಿ ಅವಳನ್ನು ಅಪ್ಪಿಕೊಳ್ಳಬೇಕಿತ್ತು. ನಾನು ಎಂಥವಳು ನೋಡಿ, ಮೊದಲು ಕೈ ಹಾಕಿದ್ದು ಮುಳ್ಳಿಗೆ. ಬಾಲದ ದಾರ ಎತ್ತಿ ಬೆಳಕಿಗೆ ಹಿಡಿದೆ. ಕೆಂಪು. ಇನ್ನೊಂದು ಎತ್ತಿದೆ. ಕೆಂಪು. ಮೂರನೆಯದ್ದೂ ಕೆಂಪು, ತುದಿ ಸುಟ್ಟದ್ದು. ಬ್ಯಾಡಗಿ ಮೆಣಸು ತನ್ನ ಕೆಲಸ ಮಾಡಿತ್ತು. ಚೇತನನ ಚಿಟ್ಟೆ ಗಂಟಾದರೂ ಇದೆಯೇ ಎಂದು ಕೆದಕಿದೆ. ಅದು ಎಣ್ಣೆಯಲ್ಲಿ ಕರಿದುಹೋಗಿ ಈರುಳ್ಳಿ ಚೂರಿನ ಹಾಗೆ ಉದುರಿತು.

“ನಲ್ಲಿಯಡಿ ಹಿಡಿದು ತೊಳಿ” ಎಂದರು ನಮ್ಮನೆಯವರು. ತೊಳೆದೆ, ಸೋಪು ಹಾಕಿ ಉಜ್ಜಿದೆ. ದಾರ ಇನ್ನಷ್ಟು ಲಕ್ಷಣವಾಗಿ ಕೆಂಪಾಯಿತು.

“ದೊಡ್ಡ ಮುಳ್ಳು ನೋಡಿ, ಅದು ನನ್ನದೇ, ಕಪ್ಪು” ಎಂದರು ಲಾರೆನ್ಸಣ್ಣ.

“ಎಂತ ಕಪ್ಪು? ಅದು ಅಸ್ಕರ್‌ನದ್ದು. ನಾನು ಹಿಡಿದ ಮೀನಿನ ಮುಖ ನನಗೆ ಗೊತ್ತಿಲ್ವಾ?” ಎಂದರು ನಮ್ಮನೆಯವರು.

“ಅಂಕಲ್, ನಂದೂ ಒಂದು ಇತ್ತು” ಎಂದ ಚೇತನ್, ಬಹಳ ಮೆಲ್ಲಗೆ.

ನಾನು ಅವರನ್ನೆಲ್ಲ ಸುಮ್ಮನಿರಿಸಿ ರಕ್ಷಿತಾಳ ಕಡೆ ತಿರುಗಿದೆ. “ಅವರದ್ದು ಬಿಡು. ನೀನೇ ಹೇಳು ಮಗಾ. ಇದರಲ್ಲಿ ಯಾವುದು ನಿಮ್ಮ ಹೊಳೆಯದ್ದರ ಹಾಗೆ ಇತ್ತು?”

ಅವಳು ಬೆರಳನ್ನು ನಿಧಾನವಾಗಿ ಚೀಪಿ ಮುಗಿಸಿದಳು.

“ಯಾವುದೂ ಅಲ್ಲ ಅಕ್ಕ. ನಮ್ಮ ಹೊಳೆಯದ್ದು ಬೇರೆಯೇ” ಎಂದವಳು ಬಟ್ಟಲನ್ನು ನನ್ನ ಕಡೆ ಸರಿಸಿದಳು. “ಇನ್ನೊಂದು ಉಂಟಾ?”

ಕಾವಲಿ ನೋಡಿದೆ. ಖಾಲಿ. ಕೊನೆಯದನ್ನು ಆಗಲೇ ಬೇರೆ ತೆಗೆದು ಲಾರೆನ್ಸಣ್ಣನ ಬಟ್ಟಲಿಗೆ ಹಾಕಿದ್ದೆ, ಉದ್ದದ್ದು, ಅವರೇ ತಂದದ್ದಿರಬೇಕೆಂದು. ಅವರು ಇನ್ನೂ ಮುಟ್ಟಿರಲಿಲ್ಲ. ಈಗ ಅದನ್ನೊಮ್ಮೆ, ರಕ್ಷಿತಾಳ ಇಳಿದ ಕೆನ್ನೆಯನ್ನೊಮ್ಮೆ ನೋಡಿದರು. ಬಟ್ಟಲನ್ನು ಎತ್ತಿ ಅವಳ ಮುಂದಿಟ್ಟರು.

“ತಿನ್ನು ಬಾಯೆ” ಎಂದರು, ಮನೆಮಗಳನ್ನು ಕರೆಯುವ ಕೊಂಕಣಿಯಲ್ಲಿ. “ಇವತ್ತು ಸಂಜೆಯೇ ನಿನ್ನ ಗಂಡನನ್ನು ಕರ್ಕೊಂಡು ಹೋಗಿ ನನ್ನ ಜಾಗ ತೋರಿಸಿ ಕೊಡ್ತೇನೆ. ನಾನು ಡ್ಯೂಟಿಯಲ್ಲಿದ್ದರೂ ನಿನಗೆ ತಪ್ಪಬಾರದು.”

ಚೇತನ್ ಕಣ್ಣೊರೆಸಿಕೊಂಡ. ಮೆಣಸಿನ ಹೊಗೆ ಎಂದ. ಆಮೇಲೆ ನಮ್ಮನೆಯವರು ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲೆ ಕುಕ್ಕಿದರು.

“ಇದೆಂತ ನ್ಯಾಯ ಲಾರೆನ್ಸ್? ಇಷ್ಟು ವರ್ಷ ಹಿಂದೆ ಹಿಂದೆ ತಿರುಗಿದೆ. ಸಲ್ಮಾಬಾದ್ ಸುತ್ತಿಸಿದಿರಿ. ನನಗೆ ಒಂದು ದಿನ ತೋರಿಸಲಿಲ್ಲ ನೀವು!”

ಲಾರೆನ್ಸಣ್ಣ ನಮ್ಮನೆಯವರ ಹೊಟ್ಟೆಯನ್ನು ಮೇಲಿಂದ ಕೆಳಗೆ ಗಂಭೀರವಾಗಿ ನೋಡಿದರು.

“ನಿಮಗೆ ಎಷ್ಟು ತಿಂಗಳು ಮಾರಾಯ್ರೆ?”